ಬಾಣಂತನಕ್ಕೆ ಹೊರಟವರು

ನವೆಂಬರ್ ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಬಂದೇ ಬರುತ್ತದೆ. ಒಂದು ಕೆರೆ, ನೀರಿನ ಮೇಲೆ ಒತ್ತೊತ್ತಾಗಿ ಕೂತ ಹಕ್ಕಿಗಳು, ಮೇಲುಗಡೆ ‘ವಿದೇಶಿ ಅತಿಥಿಗಳ ಕಲರವ’ ಎಂಬ ತಲೆಬರಹ. ತಲೆಬರಹ ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ಚಿತ್ರವೂ ಕೆಲವೊಮ್ಮೆ ಬದಲಾಗುವುದಿಲ್ಲವೇನೋ ಎಂಬ ಅನುಮಾನ ನನಗಿದೆ. ಅದೇ ಕೆರೆಯಿಂದ ಅದೇ ಹಕ್ಕಿಗಳು ಮಾರ್ಚ್‌ನಲ್ಲಿ ಎದ್ದು ಹೋದ ಸುದ್ದಿಯನ್ನು ಮಾತ್ರ ಯಾವ ಪತ್ರಿಕೆಯಲ್ಲೂ ನಾನು ಓದಿಲ್ಲ. ಹಾಕುವುದಾದರೂ ಹೇಗೆ? ಖಾಲಿ ಕೆರೆಯ ಫೋಟೊ ಅಚ್ಚು ಹಾಕಿದರೆ ಕಾವೇರಿ ನೀರಿನ ಗಲಾಟೆ ಶುರುವಾಯಿತೆಂದು ಜನ ತಿಳಿದಾರು.

ಬಂದದ್ದಕ್ಕೆ ತಾರೀಖಿದೆ. ನಿನ್ನೆ ಇರಲಿಲ್ಲ, ಇವತ್ತು ಇದೆ. ಡೈರಿಯಲ್ಲಿ ಬರೆದು ಅಡಿಗೆರೆ ಎಳೆದರೆ ಮುಗಿಯಿತು. ಹೋದದ್ದಕ್ಕೆ ಹಾಗಿಲ್ಲ. ಇವತ್ತು ಕಾಣಲಿಲ್ಲ ಅಂದರೆ ಊರು ಬಿಟ್ಟಿತೋ, ಪಕ್ಕದ ಬೀದಿಯ ಮೋರಿಗೆ ಹೋಗಿದೆಯೋ? ನಾಳೆ ನೋಡೋಣ. ನಾಳೆಯೂ ಇಲ್ಲ. ಹೀಗೆ ವಾರ ಕಳೆದ ಮೇಲೆ ಪುಟ ಹಿಂದಕ್ಕೆ ತಿರುವಿ, ಓಹೋ, ಆ ಮಂಗಳವಾರ ಕಂಡದ್ದೇ ಕೊನೆ ಎಂದು ತೀರ್ಮಾನ ಮಾಡಬೇಕು. ಆ ಮಂಗಳವಾರ ಹಾಲಿನವನ ಹತ್ತಿರ ಚಿಲ್ಲರೆಗಾಗಿ ವಾದ ಮಾಡುತ್ತ ಅರೆಗಣ್ಣಿನಲ್ಲಿ ನೋಡಿರುತ್ತೇವೆ, ಅಷ್ಟೆ.

ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನವರು ‘ಇಂಡಿಯನ್ ಬರ್ಡ್ಸ್’ ಪತ್ರಿಕೆಯ ಜೊತೆ ಸೇರಿ 2007ರಲ್ಲಿ ‘ಮೈಗ್ರಂಟ್‌ವಾಚ್’ ಎಂಬ ಕೆಲಸ ಹೂಡಿದ್ದರು. ಚಳಿಗಾಲಕ್ಕೆ ಬರುವ ಹಕ್ಕಿಗಳನ್ನು ಊರೂರಿನ ಜನ ಎಂದು ಕಂಡರೆಂದು ಬರೆದು ಕಳಿಸುವ ಏರ್ಪಾಡು ಅದು. ಈಗ ಆ ಲೆಕ್ಕವೆಲ್ಲ ಇ-ಬರ್ಡ್ ಎಂಬ ದೊಡ್ಡ ಕಡತಕ್ಕೆ ಸೇರಿಹೋಗಿದೆ. ಇಂಥ ಲೆಕ್ಕ ಇಡುವವರನ್ನು ಕೇಳಿ ನೋಡಿ: ಮೊದಲು ಕಂಡ ದಿನವನ್ನು ಬರೆಯಲು ಎಲ್ಲರಿಗೂ ಹುರುಪು, ಕೊನೆಗೆ ಕಂಡ ದಿನ ಬರೆಯುವಷ್ಟರಲ್ಲಿ ಮಾವಿನಕಾಯಿ ಉಪ್ಪಿನಕಾಯಿಯ ಕಾಲ ಬಂದಿರುತ್ತದೆ. ಹೋಗುವುದನ್ನು ಹಿಡಿಯಬೇಕಾದರೆ ಇರುವಷ್ಟು ದಿನವೂ ‘ಇದೆ’ ‘ಇದೆ’ ಎಂದು ಬರೆಯುತ್ತಲೇ ಇರಬೇಕು. ಅದಕ್ಕೆ ಪಕ್ಷಿಪ್ರೇಮ ಸಾಲದು, ಶಾನುಭೋಗರ ಸ್ವಭಾವ ಬೇಕು.

ನಮ್ಮದು ಮೈಸೂರಿನ ಸರಸ್ವತಿಪುರಂನ ಹಳೆಯ ಮನೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಅದರ ನೀರು ಹರಿದು ಹೋಗುವ ಮೋರಿ. ಸೆಪ್ಟೆಂಬರ್‌ನಲ್ಲಿ, ಗಣೇಶನನ್ನು ಬಿಟ್ಟ ಆಸುಪಾಸಿನಲ್ಲಿ, ಆ ಮೋರಿಗೆ ಒಂದು ಬೂದು ಸಿಪಿಲೆ ಬರುತ್ತದೆ. ಬೂದು ಬೆನ್ನು, ನಿಂಬೆಹಣ್ಣಿನ ಬಣ್ಣದ ಹೊಟ್ಟೆ, ಮೈಗಿಂತ ಉದ್ದವೇನೋ ಅನಿಸುವ ಬಾಲ. ಆ ಬಾಲ ಒಂದು ಕ್ಷಣವೂ ಸುಮ್ಮನಿರದು. ಹಳ್ಳಿಗಳ ಕಡೆ ಈ ಜಾತಿಗೆ ಕುಂಡೆಕುಸ್ಕ ಎಂದು ಹೆಸರಿಟ್ಟವರು ಯಾರೋ, ಅವರು ಹಕ್ಕಿಯನ್ನು ನನ್ನ ಬೈನಾಕ್ಯುಲರ್‌ಗಿಂತ ಚೆನ್ನಾಗಿ ನೋಡಿದ್ದರು. ಚಳಿಗಾಲದ ಹಕ್ಕಿಗಳಲ್ಲಿ ಬೇಗ ಬರುವವುಗಳ ಪೈಕಿ ಇದೂ ಒಂದು. ಹಿಮಾಲಯದ ತೊರೆಗಳ ಪಕ್ಕ, ಅದರಾಚೆಯ ತಣ್ಣನೆಯ ಸೀಮೆಗಳಲ್ಲಿ ಮರಿ ಮಾಡಿ, ಸರಸ್ವತಿಪುರಂನ ಸೋಪಿನ ನೀರಿಗೆ ಬಂದು ಇಳಿಯುತ್ತದೆ. ಅಭಿರುಚಿಯ ವಿಷಯದಲ್ಲಿ ನಾನು ತಕರಾರು ತೆಗೆಯುವುದಿಲ್ಲ.

ಫೆಬ್ರವರಿಯ ಕೊನೆಗೆ ಅದರ ಗಂಟಲನ್ನು ಗಮನಿಸಬೇಕು. ಚಳಿಗಾಲವಿಡೀ ಬಿಳಿಚಿಕೊಂಡಿದ್ದ ಗಂಡಿನ ಕತ್ತಿನಡಿಯಲ್ಲಿ ಮಸಿ ತಗಲಿದ ಹಾಗೆ ಒಂದೊಂದೇ ಕಪ್ಪು ಪುಕ್ಕ ಮೂಡುತ್ತದೆ. ಮಾರ್ಚ್ ಕಳೆಯುವುದರೊಳಗೆ ಕತ್ತು ಪೂರ್ತಿ ಕರಿ. ಅಷ್ಟು ಸಿಂಗಾರವಾದ ಮೇಲೆ ಅದು ಇಲ್ಲಿ ನಿಲ್ಲುವುದಿಲ್ಲ. ಲಿಂಗಾಂಬುಧಿ ಕೆರೆಯ ಕೆಸರಿನಲ್ಲಿ ಓಡಾಡುವ ಹಳದಿ ಸಿಪಿಲೆಗಳದ್ದೂ ಇದೇ ಕತೆ. ಡಿಸೆಂಬರ್‌ನಲ್ಲಿ ಅವು ಎಲ್ಲವೂ ಒಂದೇ ತರಹ, ಒಗೆದು ಒಗೆದು ಬಣ್ಣ ಹೋದ ಪಂಚೆಯ ಹಾಗೆ. ಪುಸ್ತಕ ಬಿಚ್ಚಿಕೊಂಡು ಕೂತರೂ ಯಾವುದು ಯಾವ ಸೀಮೆಯದೆಂದು ಹೇಳಲು ಬರುವುದಿಲ್ಲ. ಮಾರ್ಚ್‌ನಲ್ಲಿ ಒಂದರ ತಲೆ ನೀಲಿಬೂದಿಗೆ ತಿರುಗುತ್ತದೆ, ಇನ್ನೊಂದರದು ಕಪ್ಪಾಗುತ್ತದೆ. ಅವುಗಳ ಹತ್ತಿರದ ಸಂಬಂಧಿಯಾದ ಮತ್ತೊಂದು ಸಿಪಿಲೆಯ ತಲೆಯಂತೂ ಅಪ್ಪಟ ಅರಿಶಿನ. ಯಾರು ಯಾರೆಂದು ಗೊತ್ತಾಗತೊಡಗಿದ ಹೊತ್ತಿಗೆ ಗಂಟುಮೂಟೆ ಕಟ್ಟಿರುತ್ತವೆ. ಆದ್ದರಿಂದ ಹಕ್ಕಿ ನೋಡಲು ಒಳ್ಳೆಯ ಕಾಲ ಯಾವುದೆಂದು ಯಾರಾದರೂ ಕೇಳಿದರೆ ಎಲ್ಲರ ಹಾಗೆ ಡಿಸೆಂಬರ್ ಎಂದು ನಾನು ಹೇಳುವುದಿಲ್ಲ. ಶಿವರಾತ್ರಿಯಿಂದ ಯುಗಾದಿಯವರೆಗೆ ಎನ್ನುತ್ತೇನೆ.

ಪತ್ರಿಕೆಯವರು ಹೇಳುವ ಈ ‘ಅತಿಥಿ’ಗಳ ವಿಚಾರಕ್ಕೆ ಬರೋಣ. ಹಸಿರು ಉಲಿಯಕ್ಕಿ ಎಂಬ ಒಂದು ಜೀವವಿದೆ. ಎಂಟು ಗ್ರಾಂ ಆಸುಪಾಸಿನ ತೂಕ, ಎಲೆಯ ಬಣ್ಣ, ಹುಬ್ಬಿನ ಮೇಲೊಂದು ತಿಳಿಗೆರೆ. ಚಳಿಗಾಲದಲ್ಲಿ ಮೈಸೂರಿನ ಯಾವ ದೊಡ್ಡ ಹೊಂಗೆ, ಮಾವು, ಮಳೆಮರದ ಕೆಳಗೆ ನಿಂತರೂ ಮೇಲಿನಿಂದ ‘ಚಿವೀ’ ಎಂದು ಕೇಳುತ್ತದೆ. ಕಾಣುವುದು ಕುತ್ತಿಗೆ ನೋಯುವಷ್ಟು ಹೊತ್ತಾದ ಮೇಲೆ. ಸೆಪ್ಟೆಂಬರ್‌ನಲ್ಲಿ ಬಂದರೆ ಏಪ್ರಿಲ್‌ವರೆಗೆ ಇಲ್ಲೇ. ತಮಿಳುನಾಡಿನ ಮುಂಡಂತುರೈ ಕಾಡಿನಲ್ಲಿ ಮಧುಸೂದನ ಕಟ್ಟಿ ಮತ್ತು ಟ್ರೆವರ್ ಪ್ರೈಸ್ ಇವುಗಳ ಹಿಂದೆ ಬಿದ್ದು ನೋಡಿದ್ದಾರೆ. ಒಂದೊಂದು ಹಕ್ಕಿಯೂ ಚಳಿಗಾಲದಲ್ಲಿ ತನ್ನದೆಂದು ಒಂದಿಷ್ಟು ಮರಗಳನ್ನು ಹಿಡಿದುಕೊಂಡು, ಬೇರೆಯದು ಕಾಲಿಟ್ಟರೆ ಜಗಳವಾಡಿ ಓಡಿಸುತ್ತದಂತೆ. ಮುಂದಿನ ವರ್ಷವೂ ಹಿಮಾಲಯದಿಂದ ಹೊರಟು ಇಡೀ ದೇಶ ದಾಟಿ ಅದೇ ಮರಗಳಿಗೆ ಬರುತ್ತದಂತೆ. ಗಡಿ ಗುರುತಿಸಿಕೊಂಡು, ಒತ್ತುವರಿಗೆ ವಿರುದ್ಧ ಕೂಗಾಡಿಕೊಂಡು, ವರ್ಷದ ಎಂಟು ತಿಂಗಳು ಇರುವವರನ್ನು ಅತಿಥಿ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಅವು ಈ ಊರಿನವೇ. ನಮ್ಮ ಸೊಸೆಯಂದಿರು ಹೆರಿಗೆಗೆ ತವರಿಗೆ ಹೋಗಿ ಬಾಣಂತನ ಮುಗಿಸಿ ಬರುವುದಿಲ್ಲವೇ, ಹಾಗೆ ನಾಲ್ಕು ತಿಂಗಳ ಮಟ್ಟಿಗೆ ಬಡಗಣ ದಿಕ್ಕಿಗೆ ಹೋಗಿ ಬರುತ್ತವೆ. ವ್ಯತ್ಯಾಸವಿಷ್ಟೆ: ಇಲ್ಲಿ ಗಂಡಸರೂ ಜೊತೆಗೆ ಹೋಗುತ್ತಾರೆ, ಅದೂ ಮೊದಲೇ ಹೋಗಿ ಜಾಗ ಹಿಡಿಯುತ್ತಾರೆ.

ಅಲ್ಲಿ ಹಿಮ ಕರಗಿತೆಂಬುದು ಇಲ್ಲಿ ಮಾವಿನ ಮರದಲ್ಲಿ ಕೂತ ಎಂಟು ಗ್ರಾಮಿನ ಪ್ರಾಣಿಗೆ ಹೇಗೆ ತಿಳಿಯುತ್ತದೆ? ತಿಳಿಯುವುದೇ ಇಲ್ಲ. ಅದಕ್ಕೆ ತಿಳಿಯುವುದು ಹಗಲಿನ ಅಳತೆ. ಉತ್ತರದ ದೇಶಗಳಲ್ಲಿ ಹಗಲು ಗಂಟೆಗಟ್ಟಲೆ ಹಿಗ್ಗುತ್ತದೆ, ಕುಗ್ಗುತ್ತದೆ. ಮೈಸೂರಿನ ಅಕ್ಷಾಂಶದಲ್ಲಿ ಫೆಬ್ರವರಿ ನಡುವಿನಿಂದ ಮಾರ್ಚ್ ಕೊನೆಗೆ ಹಗಲು ಹೆಚ್ಚುವುದು ಸುಮಾರು ಅರ್ಧ ಗಂಟೆ. ನಮಗೆ ಆ ಅರ್ಧ ಗಂಟೆ ಗೊತ್ತೇ ಆಗುವುದಿಲ್ಲ, ಸೆಖೆ ಮಾತ್ರ ಗೊತ್ತಾಗುತ್ತದೆ. ಹಕ್ಕಿಗೆ ಅಷ್ಟು ಸಾಕು. ಅದೂ ಇಲ್ಲದಿದ್ದರೂ ನಡೆಯುತ್ತದೆ ಎಂದು ಜರ್ಮನಿಯ ಎಬರ್‌ಹಾರ್ಟ್ ಗ್ವಿನ್ನರ್ ತೋರಿಸಿದರು: ಬೆಳಕು-ಕತ್ತಲೆಯ ಅಳತೆ ಬದಲಾಗದ ಕೋಣೆಯಲ್ಲಿ ಸಾಕಿದ ಉಲಿಯಕ್ಕಿಗಳೂ ವರ್ಷಕ್ಕೆರಡು ಸಲ ಹೆಚ್ಚುಕಡಿಮೆ ತಮ್ಮ ಕಾಲಕ್ಕೆ ಸರಿಯಾಗಿ ರಾತ್ರಿ ನಿದ್ದೆಗೆಟ್ಟು ಪಂಜರದಲ್ಲಿ ಪಟಪಟಿಸುತ್ತವೆ. ಒಳಗೇ ಒಂದು ಪಂಚಾಂಗವಿದೆ; ಹಗಲಿನ ಬೆಳಕು ಅದನ್ನು ಆಗಾಗ ತಿದ್ದುತ್ತದೆ, ಅಷ್ಟೆ.

ಪಂಚಾಂಗ ಹೇಳಿದೊಡನೆ ಹೊರಡುವಂತಿಲ್ಲ. ದಾರಿಗೆ ಬುತ್ತಿ ಬೇಕು. ಅದನ್ನು ಕೊಬ್ಬಿನ ರೂಪದಲ್ಲಿ ಮೈಯೊಳಗೇ ಕಟ್ಟಿಕೊಳ್ಳುತ್ತವೆ. ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವವರು ಅಂಗೈಯಲ್ಲಿ ಹಕ್ಕಿಯನ್ನು ಮಲಗಿಸಿಕೊಂಡು, ಎದೆಯ ಮೇಲಿನ ಪುಕ್ಕವನ್ನು ಉಫ್ ಎಂದು ಊದಿ, ಗಂಟಲ ಬುಡದ ಕುಳಿಯನ್ನು ನೋಡುತ್ತಾರೆ. ಚರ್ಮ ಅಷ್ಟು ತೆಳು, ಒಳಗಿನ ಕೊಬ್ಬು ಹಳದಿಯಾಗಿ ಕಾಣುತ್ತದೆ. ಕುಳಿ ತುಂಬಿ ಉಬ್ಬಿದ್ದರೆ ಪ್ರಯಾಣ ಹತ್ತಿರ ಬಂತೆಂದೇ ಲೆಕ್ಕ. ನನ್ನ ಬಳಿ ಬಲೆಯೂ ಇಲ್ಲ, ಅದಕ್ಕೆ ಬೇಕಾದ ಪರವಾನಗಿಯೂ ಇಲ್ಲ. ಆದರೆ ಮಾರ್ಚ್‌ನಲ್ಲಿ ಬೇಲಿಯೊಳಗಿನ ಹಕ್ಕಿಗಳ ತಿನ್ನುವ ಆತುರವನ್ನು ಯಾರು ಬೇಕಾದರೂ ನೋಡಬಹುದು. ಬೆಳಿಗ್ಗೆ ಎಂಟಕ್ಕೆ ಮುಗಿಯುತ್ತಿದ್ದ ಉಪಾಹಾರ ಹತ್ತೂವರೆಯಾದರೂ ಮುಗಿಯುವುದಿಲ್ಲ.

ಇದನ್ನೆಲ್ಲ ನೋಡಬೇಕಾದವರು ನಾವು, ಆಗ ಕೋಗಿಲೆ ಕೇಳುತ್ತ ಕೂತಿರುತ್ತೇವೆ. ಫೆಬ್ರವರಿಯಿಂದ ಗಂಡು ಕೋಗಿಲೆ ಕಂಠ ಬಿಚ್ಚಿತೆಂದರೆ ಮುಗಿಯಿತು, ನಮ್ಮ ಕವಿಗಳಿಗೆ ವಸಂತ ಬಂತು, ಮಾವು ಚಿಗುರಿತು, ಬೇರೆ ಯಾವುದಕ್ಕೂ ಕಿವಿ ಉಳಿಯಲಿಲ್ಲ. ಕೋಗಿಲೆ ಎಲ್ಲಿಗೂ ಹೋದದ್ದಲ್ಲ, ಎಲ್ಲಿಂದಲೋ ಬಂದದ್ದೂ ಅಲ್ಲ. ಚಳಿಗಾಲವಿಡೀ ಇದೇ ಹಿತ್ತಲಲ್ಲಿ ಹಣ್ಣು ತಿನ್ನುತ್ತ ಬಾಯಿ ಮುಚ್ಚಿಕೊಂಡು ಇತ್ತು. ಕುಟ್ರು ಹಕ್ಕಿಗಳು ಅದರ ಜೊತೆ ಸೇರಿ ‘ಕುಟ್ರೂ ಕುಟ್ರೂ’ ಎಂದು ಬಡಿಯುತ್ತವೆ. ಅತ್ತ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಹುಣಸೆ ಮರಗಳ ಮೇಲೆ ಕಡ್ಡಿ ಜೋಡಿಸಿ ಮರಿ ಸಾಕುವ ಗಲಾಟೆಯಲ್ಲಿರುತ್ತವೆ. ಈ ಊರಿನವರ ಸಂಸಾರದ ಸದ್ದಿನಲ್ಲಿ ಬೇಲಿಯ ಸಂದಿಯಿಂದ ಆರು ತಿಂಗಳು ‘ಚಕ್, ಚಕ್’ ಎನ್ನುತ್ತಿದ್ದ ಕಂದು ಉಲಿಯಕ್ಕಿಯ ಸದ್ದು ಯಾವತ್ತು ನಿಂತಿತೆಂದು ಯಾರೂ ಕೇಳಿಸಿಕೊಳ್ಳುವುದಿಲ್ಲ. ಆ ಸದ್ದು ಸಂಗೀತವೇನಲ್ಲ, ಒಪ್ಪುತ್ತೇನೆ. ಎರಡು ಬೆಣಚುಕಲ್ಲು ತಾಕಿಸಿದ ಹಾಗಿರುತ್ತದೆ. ಕವಿತೆಗೆ ಒಗ್ಗುವುದಿಲ್ಲ.

ಸದ್ದಿಲ್ಲದೆ ಹೋಗುವುದು ಎಲ್ಲರ ಜಾಯಮಾನವಲ್ಲ. ಗುಲಾಬಿ ಕಬ್ಬಕ್ಕಿಗಳು ಹೋಗುವುದು ಮೆರವಣಿಗೆಯಲ್ಲಿ. ಫೆಬ್ರವರಿಯಲ್ಲಿ ಮುತ್ತುಗ, ಬೂರುಗ ಹೂಬಿಟ್ಟ ಮರಗಳಿಗೆ ಅವು ದಂಡೆತ್ತಿ ಬರುತ್ತವೆ. ಕೆಂಪು ಹೂವಿನೊಳಗೆ ಕೊಕ್ಕು ತೂರಿ ಮಕರಂದ ಹೀರುತ್ತ, ಮುಖಕ್ಕೆಲ್ಲ ಪರಾಗ ಮೆತ್ತಿಕೊಂಡು, ಒಂದೇ ಸಮನೆ ಜಗಳ. ಉತ್ತರ ಕರ್ನಾಟಕದ ಜೋಳದ ಹೊಲದವರಿಗೆ ಇವುಗಳ ಪರಿಚಯ ಚೆನ್ನಾಗಿಯೇ ಇದೆ, ಅಷ್ಟೇನೂ ಪ್ರೀತಿಯಿಂದಲ್ಲ. ಸಂಜೆ ಮಲಗುವ ಮುಂಚೆ ಸಾವಿರಗಟ್ಟಲೆ ಹಕ್ಕಿ ಒಟ್ಟಿಗೆ ಎದ್ದು ಆಕಾಶದಲ್ಲಿ ಸುತ್ತುತ್ತವೆ. ದಿನ ಕಳೆದಂತೆ ಮೈಯ ಕೊಳಕು ಗುಲಾಬಿ ತಿಳಿಯಾಗುತ್ತದೆ, ತಲೆಯ ಕಪ್ಪಿಗೆ ಹೊಳಪು ಬರುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿಂದ ಹೊರಟವು ಕಜಾಕಸ್ತಾನದಂಥ ಹುಲ್ಲುಗಾಡುಗಳಿಗೆ ಹೋಗಿ, ಮಿಡತೆ ಹೆಚ್ಚಾಗಿರುವ ಕಡೆ ಕಲ್ಲುಸಂದಿಯಲ್ಲಿ ಮೊಟ್ಟೆ ಇಡುತ್ತವೆ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಮಿಡತೆ ಕಾಟ ತಗ್ಗಿಸಲೆಂದೇ ಇವಕ್ಕೆ ಗೂಡು ಮಾಡಲು ಕಲ್ಲುರಾಶಿ ಒಟ್ಟಿಕೊಡುತ್ತಾರೆ. ಇಲ್ಲಿ ತೆನೆಗಳ್ಳ, ಅಲ್ಲಿ ಬೆಳೆಯ ಕಾವಲುಗಾರ. ಇಲ್ಲಿ ಕವಣೆಕಲ್ಲು, ಅಲ್ಲಿ ಬಾಣಂತಿಕೋಣೆ. ಪಾಸ್‌ಪೋರ್ಟ್ ಇದ್ದಿದ್ದರೆ ಯಾವ ವಿಳಾಸ ಬರೆಸುತ್ತಿದ್ದವೋ.

ಹೆಬ್ಬಾತುಗಳ ಮಾತು ಹೇಳದಿದ್ದರೆ ಮೈಸೂರಿನವರು ನನ್ನನ್ನು ಬಿಡುವುದಿಲ್ಲ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ಪಟ್ಟೆತಲೆ ಹೆಬ್ಬಾತಿಗೆ ಹೆಸರುವಾಸಿ. ಮೈಸೂರು ಅರಸರ ಮೂಲಕತೆ ಹುಟ್ಟಿದ ಊರು ಅದು. ಈಗ ಜನ ಬರುವುದು ಬಾತುಗಳಿಗಾಗಿ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಇನ್ನೂ ದೊಡ್ಡ ದಂಡು ಇಳಿಯುತ್ತದೆ. ಆ ಕೆರೆ 2024ರಲ್ಲಿ ಜಾಗತಿಕ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಿಳಿ ತಲೆಯ ಹಿಂಬದಿಯಲ್ಲಿ ಎರಡು ಕರಿ ಅಡ್ಡಪಟ್ಟೆ, ಕಿತ್ತಲೆ ಬಣ್ಣದ ಕೊಕ್ಕು ಕಾಲು. ಹಗಲಲ್ಲಿ ನೋಡಹೋದರೆ ನೀರಿನ ನಡುವೆ ಕೂತು ನಿದ್ದೆ ಹೊಡೆಯುತ್ತಿರುತ್ತವೆ, ಏಕೆಂದರೆ ಅವುಗಳ ದುಡಿಮೆಯೆಲ್ಲ ರಾತ್ರಿ ಮತ್ತು ನಸುಕಿನಲ್ಲಿ, ಸುತ್ತಲಿನ ಗದ್ದೆ ಹೊಲಗಳಲ್ಲಿ. ಮಂಗೋಲಿಯಾದಲ್ಲಿ ಕೊರಳಿಗೆ ಅಕ್ಷರದ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು.

ಇವು ಹಿಂತಿರುಗುವಾಗ ಹಿಮಾಲಯವನ್ನು ದಾಟಲೇಬೇಕು. ಎವರೆಸ್ಟ್ ಶಿಖರದ ಮೇಲೆ ಹಾರುತ್ತವೆ ಎಂಬ ಕತೆ ಬಹಳ ಕಾಲದಿಂದ ಓಡಾಡುತ್ತಿದೆ. ಮೈಮೇಲೆ ಯಂತ್ರ ಕಟ್ಟಿ ಅಳೆದಾಗ ಸಿಕ್ಕ ಅತಿ ಹೆಚ್ಚಿನ ಎತ್ತರ 7,290 ಮೀಟರ್. ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕೆಳಗೆ, ಕಣಿವೆಗಳ ಜಾಡು ಹಿಡಿದು ಹೋಗುತ್ತವೆ. ಕತೆಗಿಂತ ನಿಜ ನನಗೆ ಹೆಚ್ಚು ಇಷ್ಟ. ಹಗಲಿನಲ್ಲಿ ಬೆಟ್ಟದ ಬುಡದಿಂದ ಮೇಲಕ್ಕೆ ಗಾಳಿ ಬೀಸುತ್ತದೆ, ಅದನ್ನು ಹಿಡಿದು ಆರಾಮವಾಗಿ ಏರಬಹುದಿತ್ತು. ಅದನ್ನು ಬಿಟ್ಟು ಈ ಬಾತುಗಳು ರಾತ್ರಿ ಮತ್ತು ಮುಂಜಾನೆ, ಗಾಳಿ ತಣ್ಣಗೆ ದಟ್ಟವಾಗಿರುವ ಹೊತ್ತು ನೋಡಿ, ರೆಕ್ಕೆ ಬಡಿದೇ ಹತ್ತುತ್ತವೆ. ದಟ್ಟ ಗಾಳಿಯಲ್ಲಿ ರೆಕ್ಕೆಗೆ ಹಿಡಿತ ಸಿಗುತ್ತದೆ, ಉಸಿರಿಗೆ ಆಮ್ಲಜನಕವೂ ತುಸು ಹೆಚ್ಚು. ರಕ್ತವೂ ಆ ತೆಳುಗಾಳಿಗೆ ಹೊಂದಿಕೊಂಡದ್ದೇ. ನಮ್ಮ ರಕ್ತಕ್ಕೆ ಸಿಗದ ಆಮ್ಲಜನಕವನ್ನು ಅವುಗಳ ಹಿಮೋಗ್ಲೋಬಿನ್ ಬಾಚಿಕೊಳ್ಳುತ್ತದೆ.

ಮಾರ್ಚ್‌ನಲ್ಲೊಮ್ಮೆ ಹದಿನಾರಿಗೆ ಹೋದಾಗ ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದವರೊಬ್ಬರು ಸಿಕ್ಕಿದರು. ಕೆರೆಯಲ್ಲಿ ನಾಮಗೋಳಿ, ಗುಳುಮುಳುಕ ಬಿಟ್ಟರೆ ಬೇರೇನಿರಲಿಲ್ಲ.

“ಬಾತುಗಳು ಎಲ್ಲಿ ಯಜಮಾನ್ರೇ?” ಎಂದೆ.

“ಒಂಟೋದೊ ಸಾ. ಮೊನ್ನೆ ರಾತ್ರಿ ಕೂಗಾಟವೋ ಕೂಗಾಟ. ಹೊತ್ತಾರೆ ಎದ್ದು ನೋಡುದ್ರೆ ಒಂದೂ ಇಲ್ಲ.”

“ನಿಮಗೆ ಬೇಜಾರಾಗಲಿಲ್ವಾ?”

“ನಂಗ್ಯಾಕ್ ಸಾ ಬೇಜಾರು? ಪೈರಿಗೆ ಬೀಳೋವು.” ಎಮ್ಮೆಯ ಕಡೆ ಒಂದು ಕೂಗು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಸೇರಿಸಿದರು: “ಕೂಗ್ತಿದ್ದಾಗ ಎದ್ದು ಈಚೆ ಬಂದು ನೋಡುದ್ನಪ್ಪ. ಕತ್ಲೇಲಿ ಏನ್ ಕಂಡದು?”

ಆ ಸೀಮೆಯಲ್ಲಿ ‘ಕೊನೆಗೆ ಕಂಡ ದಿನ’ವನ್ನು ನಿಖರವಾಗಿ ಬಲ್ಲವರು ಅವರೊಬ್ಬರೇ ಇರಬೇಕು. ಅದಕ್ಕೆ ಫೆಬ್ರವರಿಯ ಹಕ್ಕಿ ಎಣಿಕೆಯೂ ಬೇಕಾಗಲಿಲ್ಲ. ಆ ಎಣಿಕೆಯ ಬಗ್ಗೆ ನನಗೆ ಗೌರವವಿದೆ. ಫೆಬ್ರವರಿ ನಡುವಿನ ನಾಲ್ಕು ದಿನ, ಕನಿಷ್ಠ ಹದಿನೈದು ನಿಮಿಷ, ಮನೆ ಹಿತ್ತಲಿನಿಂದಲೇ ಎಣಿಸಿ ಕಳಿಸಬಹುದು. ಭಾರತದಲ್ಲಿ 2013ರಿಂದ ನಡೆಯುತ್ತಿದೆ. ವಸಂತದ ವಲಸೆ ಜೋರಾಗುವ ಮೊದಲು ಎಲ್ಲಿ ಏನಿದೆ ಎಂಬ ಒಂದು ಪಟ್ಟಿ ಅದರಿಂದ ಸಿಗುತ್ತದೆ. ಜನವರಿಯ ನೀರುಹಕ್ಕಿ ಗಣತಿಯಂತೂ 1987ರಷ್ಟು ಹಳೆಯದು. ಆದರೆ ಎಣಿಕೆ ಮುಗಿಯಿತೆಂದು ಬೈನಾಕ್ಯುಲರನ್ನು ಪೆಟ್ಟಿಗೆಗೆ ಹಾಕುವವರನ್ನು ಕಂಡರೆ ನನಗೆ, ಮುಹೂರ್ತಕ್ಕೆ ಮುಂಚೆ ಊಟ ಮುಗಿಸಿ ಎದ್ದು ಹೋಗುವವರ ನೆನಪಾಗುತ್ತದೆ.

ಏಕೆಂದರೆ ಏಪ್ರಿಲ್‌ನಲ್ಲೂ ಒಂದು ಸೋಜಿಗ ಉಳಿದಿರುತ್ತದೆ. ನವರಂಗ ಎಂಬ ಹಕ್ಕಿ ಚಳಿಗಾಲವನ್ನು ದಕ್ಷಿಣದ ಕಾಡು ತೋಟಗಳ ನೆರಳಲ್ಲಿ ಕಳೆದು, ಈಗ ಉತ್ತರಕ್ಕೆ ಹಿಂತಿರುಗುತ್ತಿರುತ್ತದೆ. ರಾತ್ರಿ ಹಾರಾಟ, ಹಗಲು ಎಲ್ಲಾದರೂ ತರಗೆಲೆ ಬಿದ್ದ ಜಾಗದಲ್ಲಿ ತಂಗುವುದು. ಹೆಸರಿಗೆ ತಕ್ಕ ಹಾಗೆ ಹಸಿರು, ನೀಲಿ, ಕಪ್ಪು, ಬಿಳಿ, ಬಾಲದಡಿಯಲ್ಲಿ ಕುಂಕುಮ. ಇಷ್ಟು ಬಣ್ಣವಿದ್ದೂ ಒಣಗಿದೆಲೆಯ ಮೇಲೆ ನಿಂತರೆ ಕಣ್ಣಿಗೆ ಸಿಗುವುದಿಲ್ಲ. ಮುಂಜಾನೆ, ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ತಮಿಳರು ಅದನ್ನು ಆರು ಗಂಟೆಯ ಹಕ್ಕಿ ಎನ್ನುವುದು ಅದಕ್ಕೇ. ಕತ್ತಲಲ್ಲಿ ಊರ ದೀಪಗಳಿಗೆ ಕಂಗೆಟ್ಟು ಗಾಜಿಗೆ ಬಡಿದುಕೊಂಡೋ, ದಣಿದೋ, ಯಾರದೋ ವರಾಂಡದಲ್ಲಿ ಬಿದ್ದಿರುವುದೂ ಉಂಟು. ಅಂಥದ್ದು ಸಿಕ್ಕರೆ ನೀರು ಕುಡಿಸಲು, ಅನ್ನ ತಿನ್ನಿಸಲು, ಸೆಲ್ಫಿ ತೆಗೆಯಲು ಹೋಗಬಾರದು. ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿ, ಸದ್ದಿಲ್ಲದ ಕಡೆ ಇಟ್ಟು, ಚೇತರಿಸಿಕೊಂಡ ಮೇಲೆ ಗಿಡಗಂಟಿ ಇರುವ ಜಾಗದಲ್ಲಿ ಬಿಡುವುದು. ರೆಕ್ಕೆ ಮುರಿದಿದ್ದರೆ ಹಕ್ಕಿಗಳ ಆರೈಕೆ ಬಲ್ಲವರಿಗೆ ಒಪ್ಪಿಸುವುದು.

ನಮ್ಮ ಮನೆಯಲ್ಲಿ ಸಿಪಿಲೆಯ ನಿರ್ಗಮನವನ್ನು ಘೋಷಿಸುವವಳು ನನ್ನ ಹೆಂಡತಿ. ಅವಳಿಗೆ ಪಟ್ಟಿ, ಗಣತಿ ಯಾವುದೂ ಬೇಕಿಲ್ಲ. “ರೀ, ಒಗೆಯೋ ಕಲ್ಲು ಎರಡು ದಿನದಿಂದ ಚೊಕ್ಕಟವಾಗಿದೆ ನೋಡಿ” ಎನ್ನುತ್ತಾಳೆ. ಹಿಕ್ಕೆ ಬಿದ್ದಿಲ್ಲ ಎಂದರ್ಥ. ನಾನು ಇನ್ನೂ ನಾಲ್ಕು ದಿನ ಕಾದು ಬರೆಯುತ್ತೇನೆ. ಅವಳ ಲೆಕ್ಕವೇ ಸರಿಯಿರುತ್ತದೆ.

ಎಲ್ಲರೂ ಹೋದರು ಎಂದುಕೊಂಡ ಮೇಲೂ ಒಬ್ಬಿಬ್ಬರು ಉಳಿಯುತ್ತಾರೆ. ಗೊರವದ ಬಳಗದ ಹಕ್ಕಿಗಳಲ್ಲಿ, ಅದರಲ್ಲೂ ಕಡಲ ಕರೆಯ ದೊಡ್ಡ ಜಾತಿಗಳಲ್ಲಿ, ಹಿಂದಿನ ವರ್ಷ ಹುಟ್ಟಿದ ಎಳೆಯವು ಮೊದಲ ಬೇಸಿಗೆಯಲ್ಲಿ ಉತ್ತರಕ್ಕೆ ಹೋಗದೆ ಇಲ್ಲೇ ನಿಲ್ಲುವುದುಂಟು. ಇನ್ನೂ ಮರಿ ಮಾಡುವ ಪ್ರಾಯವಲ್ಲ, ಅಷ್ಟು ದೂರ ರೆಕ್ಕೆ ಸವೆಸಿ ಲಾಭವೇನು? ಬಸವಳಿಸುವ ಮೇ ತಿಂಗಳ ಬಿಸಿಲಲ್ಲಿ ಲಿಂಗಾಂಬುಧಿಯ ದಂಡೆಯಲ್ಲಿ ಒಂದು ಗದ್ದೆಗೊರವ ಒಂಟಿಯಾಗಿ ಹಿಂಬದಿ ಕುಣಿಸಿಕೊಂಡು ನಡೆಯುತ್ತಿತ್ತು. ದಿನಾ ವಾಕಿಂಗ್ ಬರುವ ನಿವೃತ್ತ ಮೇಷ್ಟ್ರೊಬ್ಬರು ನನ್ನ ಪಕ್ಕ ನಿಂತು ಆತಂಕದಿಂದ ನೋಡಿದರು.

“ಏನ್ರೀ, ಇದೊಂದು ಹೋಗಿಲ್ವಲ್ಲ? ಕಾಯಿಲೆಯೋ ಏನೋ. ಅರಣ್ಯ ಇಲಾಖೆಗೆ ಫೋನ್ ಮಾಡೋಣ್ವಾ?”

“ಕಾಯಿಲೆ ಏನಿಲ್ಲ ಸಾರ್. ಇನ್ನೂ ವಯಸ್ಸಾಗಿಲ್ಲ ಅದಕ್ಕೆ. ಮುಂದಿನ ವರ್ಷ ಹೋಗುತ್ತೆ.”

ಮೇಷ್ಟ್ರು ಟೋಪಿ ಸರಿಮಾಡಿಕೊಂಡು ಹಕ್ಕಿಯನ್ನೇ ಇನ್ನೊಮ್ಮೆ ನೋಡಿದರು. “ಅಂದ್ರೆ ಈ ಊರಲ್ಲಿ ಸಪ್ಲಿಮೆಂಟರಿಗೆ ಕೂತಿರೋನು ಇದೊಬ್ಬನೇ ಅನ್ನಿ,” ಎಂದು ತಮ್ಮ ಮೂರನೇ ಸುತ್ತಿಗೆ ಹೊರಟರು.